ಎತ್ತಿದ ಕೈ

ನಾಟಕಮಂದಿರದ ಹಿಂದಿನ ಕಟ್ಟಡದಲ್ಲಿ, ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ದರ್ಜಿಯಮ್ಮನ ಅಂಗಡಿ. ಲಿಫ್ಟು ಇದೆ, ನೋಡುವುದಕ್ಕೆ. ಐವತ್ತೆಂಟು ಮೆಟ್ಟಿಲು ಹತ್ತುವಾಗ ಮಂಡಿ ಕಟಕಟ ಅಂದರೆ ಆಕೆ ಅದಕ್ಕೂ ಬೈಯುತ್ತಾಳೆ: "ನಿನ್ನಷ್ಟೇ ವಯಸ್ಸು ನನ್ನ ಕೈಗೂ ಆಗಿದೆ. ಅದೇನಾದ್ರೂ ಗೊಣಗುತ್ತಾ?"

ಹೆಸರು ಮಾಡಿದವರ ಬಟ್ಟೆ ಆಕೆಗೆ ಹೊಸದಲ್ಲ. ವೇದಿಕೆ ಹತ್ತಲು ಐದು ನಿಮಿಷ ಇದೆ ಎನ್ನುವಾಗ ಗುಂಡಿ ಕಿತ್ತುಕೊಂಡು ಓಡಿಬಂದ ಗಾಯಕಿ, ಸೊಂಟದ ಅಳತೆ ಮೂರಿಂಚು ಕಡಿಮೆ ಹೇಳಿ ಸಭೆಯ ಮಧ್ಯೆ ಹೊಲಿಗೆ ಬಿಚ್ಚಿಸಿಕೊಂಡ ಭಾಷಣಕಾರ, ಎಲ್ಲರನ್ನೂ ಕಂಡಿದ್ದಾಳೆ. "ದೊಡ್ಡವರಾದ್ರೇನು, ಅವರಿಗೂ ಕಂಕುಳಲ್ಲೇ ಹರಿಯೋದು" ಎನ್ನುವುದು ಆಕೆಯ ಸಿದ್ಧಾಂತ. ಕೆಲಸ ಚಿನ್ನ, ಮಾತು ಮಾತ್ರ ಕಡ್ಡಿ ಮುರಿದಂತೆ. ಅದರಿಂದ ಎಷ್ಟು ಗಿರಾಕಿಗಳು ಓಡಿಹೋದರು ಎಂಬುದನ್ನು ಕಾಜ ಹೊಲಿಯುವ ನಾದಿನಿಯನ್ನೇ ಕೇಳಬೇಕು.

ಈ ಸಲ ಬಂದದ್ದು ಸಣ್ಣ ಕೆಲಸವಲ್ಲ. ನಾಟಕ ಕಂಪನಿಯ ವ್ಯವಸ್ಥಾಪಕರು ಒಂದು ಹಳೆಯ ಕೋಟು ತಂದು, "ಇದರ ಅಳತೆಗೆ ಹೊಸದು ಹೊಲಿದುಕೊಡಿ. ನಮ್ಮ ನಾಯಕನಟರಿಗೆ ಒಪ್ಪಿದ್ರೆ ವರ್ಷದ ಹೊಲಿಗೆಯೆಲ್ಲ ನಿಮ್ಮದೇ. ಮಂದಿರದ ನೆಲಮಹಡಿಯಲ್ಲಿ ಕೋಣೆಯನ್ನೂ ಕೊಡ್ತೀವಿ" ಎಂದಿದ್ದರು. ನೆಲಮಹಡಿ! ಅಂದಿನಿಂದ ಆಕೆ ಮೆಟ್ಟಿಲುಗಳನ್ನು ಊರಿಗೆ ಹೊರಟುನಿಂತ ನೆಂಟರನ್ನು ನೋಡುವ ಹಾಗೆ ನೋಡತೊಡಗಿದಳು.

ಕೋಟಿನ ಒಳಮಗ್ಗುಲು ತಿರುವಿದರೆ ಎಡ ಹೆಗಲಲ್ಲಿ ಹತ್ತಿ ಗಂಟು ಕಟ್ಟಿತ್ತು. ಬಲ ಮೊಣಕೈ ಸವೆದು ಜರಡಿಯಾಗಿತ್ತು, ಎಡದ್ದು ನಿನ್ನೆ ಹೊಲಿದಂತಿತ್ತು. ಆಕೆಗೆ ಅಷ್ಟು ಸಾಕು. ಎಡಗಡೆಯನ್ನು ಬೇರೆಯಾಗಿಯೇ ಕತ್ತರಿಸಿ ಕಂಕುಳಲ್ಲಿ ಜಾಗ ಬಿಟ್ಟಳು. ಕತ್ತರಿಸಿದ ಪ್ರತಿಯೊಂದು ಬಟ್ಟೆಗೂ ನಾದಿನಿಗಾಗಿ ಒಂದು ಚೀಟಿ ಚುಚ್ಚುವುದು ಆ ಅಂಗಡಿಯ ಪದ್ಧತಿ. ಅದರಲ್ಲಿ ಗಿರಾಕಿಯ ಹೆಸರಿರುವುದಿಲ್ಲ, ಮೈಯ ಗುಟ್ಟಿರುತ್ತದೆ: "ಬೆನ್ನು ಗೂನು", "ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟಿದ್ದಾರೆ, ನಂಬಬೇಡ". ಈ ಕೋಟಿಗೆ ಬರೆದದ್ದು: "ಎಡ ಹೆಗಲು ಸೊಟ್ಟ. ಹತ್ತಿ ತುರುಕಬೇಡ. ಪಾಪ, ಮನುಷ್ಯನಿಗೆ ಕೈ ಎತ್ತಕ್ಕಾಗಲ್ಲ."

ಕೋಟು ಹೋಯಿತು. ಅದರೊಳಗೆ ಚೀಟಿಯೂ ಹೋಯಿತು.

ನಾದಿನಿ ಹಣೆ ಚಚ್ಚಿಕೊಂಡಳು. "ಅತ್ತಿಗೆ, ಇಷ್ಟು ದಿನ ಆಡಿ ಕೆಡಿಸಿದ್ದು ಸಾಲದು ಅಂತ ಈಗ ಬರೆದೂ ಕೆಡಿಸಿದ್ರಾ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ನೋಡಿ!"

"ಬರೆದದ್ದು ಸುಳ್ಳಾ?" ಎಂದಳು ದರ್ಜಿಯಮ್ಮ. ದನಿ ಮಾತ್ರ ಗಟ್ಟಿಯಾಗಿತ್ತು.

ಮರುದಿನ ಮಧ್ಯಾಹ್ನ ನಾಯಕನಟರೇ ಮೆಟ್ಟಿಲು ಹತ್ತಿ ಬಂದರು. ಬಲಗೈಯಲ್ಲಿ ಹೊಸ ಕೋಟು, ಅದರ ಮೇಲೆ ಆ ಚೀಟಿ. ಎಡಗೈ ಎಂದಿನಂತೆ ಬೆನ್ನ ಹಿಂದೆ. ಆ ಠೀವಿಯನ್ನು ನೋಡಿ ಊರಿನ ಅರ್ಧ ಗಂಡಸರು ಹಾಗೆಯೇ ಒಂದು ಕೈ ಹಿಂದಿಟ್ಟು ಓಡಾಡುತ್ತಿದ್ದರು.

"ಇದನ್ನ ಬರೆದವರು ಯಾರು?"

ದರ್ಜಿಯಮ್ಮ ಕತ್ತರಿ ಕೆಳಗಿಟ್ಟಳು.

"ನಾನೇ, ಸಾರ್. ಚೀಟಿ ನಿಮ್ಮ ಕೈಗೆ ಬರಬಾರದಿತ್ತು, ಅದು ತಪ್ಪು. ಬರೆದದ್ದು ತಪ್ಪಲ್ಲ."

"ನನ್ನ ಅಳತೆಯನ್ನೇ ತಗೊಂಡಿಲ್ಲ ನೀವು. ಹೇಗೆ ಗೊತ್ತಾಯ್ತು?"

"ಕೋಟು ಹೇಳ್ತು. ಅಭಿನಯದಲ್ಲಿ ಎತ್ತಿದ ಕೈ ಅಂತ ಊರೆಲ್ಲ ಹೊಗಳುತ್ತೆ. ಈ ಎಡಗೈ ಎತ್ತಿದ್ದನ್ನ ಕಂಡೋರು ಒಬ್ಬರಾದ್ರೂ ಇದ್ದಾರಾ?"

ನಟರು ಜೋರಾಗಿ ನಕ್ಕುಬಿಟ್ಟರು. ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಕೂತರು. ಹುಡುಗನಾಗಿದ್ದಾಗ ಗೋಡೆಯಿಂದ ಬಿದ್ದದ್ದು, ಮೂಳೆ ಸೊಟ್ಟಗೆ ಕೂಡಿಕೊಂಡದ್ದು, ನಾಚಿಕೆಗೆ ಹತ್ತಿ ತುಂಬಿಸಿಕೊಂಡದ್ದು, ಎಲ್ಲ ಹೇಳಿದರು. "ಮೂವತ್ತು ವರ್ಷ ಆ ಹತ್ತಿ ಹಿಂಡಿ ಹಿಂಡಿ, ಈ ಕೈ ಏಳೋದೇ ಇಲ್ಲ ಅಂತ ನಾನೂ ನಂಬಿಬಿಟ್ಟೆ. ಇದನ್ನ ಇನ್ನೂ ಹಾಕಿಕೊಂಡಿಲ್ಲ ಅಮ್ಮಾ, ಧೈರ್ಯ ಬರಲಿಲ್ಲ. ವ್ಯವಸ್ಥಾಪಕರು ಚೀಟಿ ಓದಿದ್ರು. ಕೈ ಹಿಂದೆ ಇಲ್ಲದಿದ್ರೆ ಜನ ಒಪ್ಪಲ್ಲ, ಹತ್ತಿ ತುಂಬಿಸ್ಕೊಂಡು ಬನ್ನಿ, ಆಗಲ್ಲ ಅಂದ್ರೆ ಬೇರೆ ದರ್ಜಿ ನೋಡೋಣ ಅಂದ್ರು."

ದರ್ಜಿಯಮ್ಮ ಒಮ್ಮೆ ಬಾಗಿಲಾಚೆಯ ಮೆಟ್ಟಿಲು ನೋಡಿದಳು.

"ತುಂಬಲ್ಲ, ಸಾರ್. ಗೊತ್ತಿದ್ದೂ ಗೊತ್ತಿದ್ದೂ ಒಬ್ಬರ ಕೈ ಕಟ್ಟಿಹಾಕೋ ಕೋಟು ನನ್ನಿಂದ ಆಗಲ್ಲ. ನೆಲಮಹಡಿ ಬೇರೆಯವರಿಗೇ ಇರಲಿ." ಹೇಳುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ? "ಆದ್ರೆ ಒಂದ್ಸಲ ಹಾಕ್ಕೊಳ್ಳಿ. ಹೊಲಿದವಳು ನೋಡ್ಬೇಡವಾ?"

ಅವರು ಹಾಕಿಕೊಂಡರು. ಒಂದು ಹೆಗಲು ತಗ್ಗಿರುವುದು ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಎಡಗೈ ಮೆಲ್ಲಗೆ ಎದೆಯವರೆಗೆ ಬಂತು, ಅಳುಕಿ ನಿಂತಿತು.

"ಕೋಟು ಬಿಡುತ್ತೆ. ನೀವು ಬಿಡಿ," ಎಂದಳು ದರ್ಜಿಯಮ್ಮ.

ಕೈ ಮೇಲೆ ಹೋಯಿತು. ಕಿವಿ ದಾಟಿತು, ತಲೆ ದಾಟಿತು, ದೀಪದ ತಂತಿಗೆ ತಾಗಿತು. ನಟರು ಹಾಗೆಯೇ ಕಿಟಕಿಯ ಬಳಿಗೆ ಹೋಗಿ, ಕೆಳಗೆ ಕಾರಿನಲ್ಲಿ ಕಾಯುತ್ತಿದ್ದ ವ್ಯವಸ್ಥಾಪಕರಿಗೆ ಬೀದಿಯೆಲ್ಲ ತಿರುಗಿ ನೋಡುವಂತೆ ಕೂಗಿದರು: "ರೀ, ಮೇಲೆ ಬನ್ನಿ! ಇವರಿಗೆ ವರ್ಷದ ಕೆಲಸ ಒಪ್ಪಿಸಿ. ಬೇರೆ ದರ್ಜಿ ಬೇಕು ಅಂದ್ರೆ ಬೇರೆ ನಟನನ್ನೂ ನೋಡ್ಕೊಳ್ಳಿ!"

ಮೆಟ್ಟಿಲ ಮೇಲೆ ವ್ಯವಸ್ಥಾಪಕರ ಏದುಸಿರು ಕೇಳತೊಡಗಿತು. ಕೈ ಇನ್ನೂ ಮೇಲೆಯೇ ಇತ್ತು.

"ಸಾಕು ಇಳಿಸಿ ಸಾರ್, ನೋಯುತ್ತೆ," ಎಂದಳು ದರ್ಜಿಯಮ್ಮ, ಕಣ್ಣೊರೆಸಿಕೊಳ್ಳುತ್ತ.

"ನೋಯಲಿ ಬಿಡಿ ಅಮ್ಮಾ. ನನ್ನದೇ ಕೈ."