ಉಲ್ಟಾ ಹಾಕಿದ ಸರಪಳಿ

ನನ್ನ ಮರ್ಯಾದೆಯನ್ನು ನಾನೇ ಕಳೆದುಕೊಂಡಾಗ ನನಗೆ ಅಂಥ ನಾಚಿಕೆಯೇನೂ ಆಗುವುದಿಲ್ಲ. ಮದುವೆಮನೆಯಿಂದ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದೇನೆ. ಸತ್ತವರ ಮನೆಗೆ ಮಾತಾಡಿಸಲು ಹೋಗಿ, ರೂಢಿಯ ಭರದಲ್ಲಿ "ಎಲ್ಲಾ ಆರಾಮೇನ್ರಿ?" ಎಂದು ಕೇಳಿದ್ದೇನೆ. ಒಂದೆರಡು ದಿನ ಕಿವಿ ಬಿಸಿಯಾಗಿರುತ್ತದೆ, ಆಮೇಲೆ ನಾನೇ ಅದನ್ನು ನಾಲ್ಕು ಜನರೆದುರು ಹೇಳಿ ನಗುತ್ತೇನೆ. ಆದರೆ ನಮ್ಮವರು ಅಂತ ಇರುತ್ತಾರಲ್ಲ, ಅವರು ಜನರ ನಡುವೆ ಬಾಯಿ ತೆರೆದರೆ ಮಾತ್ರ ನನಗೆ ನಿಂತ ನೆಲ ಬಿರಿಯಬಾರದೇ ಅನ್ನಿಸುತ್ತದೆ. ಬಸ್ಸಿನಲ್ಲಿ ಗಂಡ ಗೊರಕೆ ಹೊಡೆದರೆ ಅವರು ಸುಖವಾಗಿ ನಿದ್ದೆ ಮಾಡುತ್ತಿರುತ್ತಾರೆ. ಎಚ್ಚರವಾಗಿರುವ ತಪ್ಪಿಗೆ ನಾಚಬೇಕಾದವಳು ನಾನು.

ಈ ಬಗೆಯ ನಾಚಿಕೆಗೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿಲ್ಲ. ಲಜ್ಜೆ ಕಾವ್ಯದ ನಾಯಕಿಯರಿಗೆ ಮೀಸಲು. ಅದಕ್ಕೆ ಕೆಂಪು ಕೆನ್ನೆ ಬೇಕು, ಕಾಲಿನ ಹೆಬ್ಬೆರಳಿನಿಂದ ನೆಲ ಗೀರುವಷ್ಟು ಪುರಸೊತ್ತು ಬೇಕು. ಸಂಕೋಚ ಎನ್ನುವುದು ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿದಾಗ ಆಗುವಂಥದ್ದು, ಮೂರನೆಯದಕ್ಕೆ ಅದು ಇರುವುದಿಲ್ಲ. ಇನ್ನು ನಾಚಿಕೆಯನ್ನು ಒಂದು ಮುಳ್ಳಿನ ಗಿಡಕ್ಕೂ ಹಂಚಿಕೊಟ್ಟುಬಿಟ್ಟಿದ್ದೇವೆ. ಅಪ್ಪನ ಸಲುವಾಗಿ ಮಗಳಿಗೆ ಆಗುವುದಕ್ಕೆ ಏನನ್ನಬೇಕು? ಹೆಸರು ಗೊತ್ತಿಲ್ಲದೆಯೇ ನಾನು ಅದನ್ನು ಬಹಳ ವರ್ಷ ಅನುಭವಿಸಿದೆ.

ನನ್ನ ಅಪ್ಪ ಅಣ್ಣಿಗೇರಿಯ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಫಿಟ್ಟರ್ ಆಗಿದ್ದ. ಜಿನ್ನಿನ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವನ ದನಿ ಮನೆಯಲ್ಲೂ ತಗ್ಗುತ್ತಿರಲಿಲ್ಲ. ಉಪ್ಪು ಕೇಳಿದರೂ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ತಿರುಗುವ ಯಾವ ವಸ್ತು ಕಂಡರೂ ಅವನು ಸುಮ್ಮನಿರಲಾರ. ಹೊಲಿಗೆ ಯಂತ್ರ, ಗಿರಣಿ, ಕೈಜಾರಿ ಬಿದ್ದ ಗಂಗಾಳದಂತೆ ಕುಣಿಯುವ ಸೀಲಿಂಗ್ ಫ್ಯಾನು, ಎಲ್ಲದಕ್ಕೂ ಅವನದೊಂದು ಅಭಿಪ್ರಾಯ. "ಬೆಲ್ಟು, ಚೈನು ನನ್ನ ಮುಂದ ಮಾತಾಡ್ತಾವ ನೋಡ್ರಿ" ಎಂದು ಎದೆ ತಟ್ಟಿಕೊಳ್ಳುವನು. ನನ್ನನ್ನು ನೋಡಲು ಬಂದ ಗಂಡಿನವರಿಗೂ ಅದನ್ನೇ ಹೇಳಿದ್ದ.

ಅಂಥವನ ಮಗಳನ್ನು ಕೊಟ್ಟದ್ದು ಕಲಘಟಗಿ ತಾಲೂಕಿನ ದುಮ್ಮವಾಡಕ್ಕೆ, ಮಾತೇ ಆಡದವರ ಮನೆಗೆ. ನನ್ನ ಮಾವ ಊರಿನಲ್ಲಿ ತೂಕದ ಮನುಷ್ಯ. ಹೊಲ, ಹಿತ್ತಲು, ತಲೆಗೆ ಬಿಳಿ ಪಟಗ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಅಳ್ನಾವರದ ಕಟ್ಟಿಗೆ ವ್ಯಾಪಾರಿಯೊಬ್ಬ ಅಂಗಡಿ ಮುಚ್ಚುವಾಗ ಅವನ ಮಷಿನ್ ಗರಗಸವನ್ನು ಮಾವ ಕೊಂಡು ತಂದರು. ಪೆಟ್ರೋಲಿನಿಂದ ನಡೆಯುವಂಥದ್ದು. ಉದ್ದನೆಯ ಕಬ್ಬಿಣದ ಪಟ್ಟಿ, ಅದರ ಸುತ್ತ ಸೈಕಲ್ಲಿನ ಚೈನಿನಂಥ ಸರಪಳಿ, ಸರಪಳಿಗೆ ಚೂಪು ಹಲ್ಲು. ಗರಗಸ ಎಂಬ ಪದದಲ್ಲೇ ಒಂದು ಸದ್ದಿದೆ, ಆದರೆ ಈ ಯಂತ್ರದ ಸದ್ದಿನ ಮುಂದೆ ಆ ಪದ ಪಾಪ, ಪಿಸುಮಾತು. ಊರ ಮಂದಿಯೆಲ್ಲ ಬಂದು ನೋಡಿದರು. ಮಾವ ಪಟಗವನ್ನು ಎರಡು ಸಲ ಸರಿಮಾಡಿಕೊಂಡರು.

ಅದಾಗಿ ಸ್ವಲ್ಪ ದಿನಕ್ಕೆ ಬಿರುಗಾಳಿಯೊಂದು ಎದ್ದು ನಮ್ಮ ಹಿತ್ತಲಿನ ಹಳೆಯ ಹುಣಸೆಮರವನ್ನು ಬುಡಸಮೇತ ಕೆಡವಿತು. ಕೆಡವಿದ್ದು ಪಕ್ಕದ ಕಲ್ಲವ್ವನ ದನದ ಕೊಟ್ಟಿಗೆಯ ಬಾಗಿಲಿಗೆ. ಒಳಗೆ ಅವಳ ಎಮ್ಮೆ, ಅದೂ ತುಂಬಿದ ಗಬ್ಬ. ಗೋಡೆ ಗಟ್ಟಿಯಿತ್ತು, ಎಮ್ಮೆಗೆ ಪೆಟ್ಟಾಗಿರಲಿಲ್ಲ. ಆದರೆ ಬಾಗಿಲಿಗೆ ಅಡ್ಡವಾಗಿ ಬಿದ್ದ ಕಾಂಡ ತೆಗೆಯದೆ ಅದು ಹೊರಬರುವಂತಿರಲಿಲ್ಲ. ಈಯುವ ಹೊತ್ತಿಗೆ ಏನಾದರೂ ಎಡವಟ್ಟಾದರೆ ಒಳಗೆ ಕೈ ಹಾಕುವವರು ಯಾರು? ಕಲ್ಲವ್ವ ಬೆಳಕಿಂಡಿಯ ಮುಂದೆ ಕೂತು "ತಡಿ ನನ್ನವ್ವಾ, ತಡಿ" ಎಂದು ಎಮ್ಮೆಗೆ ಹೇಳುತ್ತಿದ್ದಳು.

ಕಟ್ಟಿಗೆ ಕಡಿಯುವ ಯಲ್ಲಪ್ಪ ಕೊಡಲಿ ಹೆಗಲಿಗಿಟ್ಟು ಬಂದ. ಮಾವ, "ಬ್ಯಾಡ. ಮಷಿನ್ ಅದ" ಎಂದರು.

ಮಷಿನ್ ಸಣ್ಣ ಕೊಂಬೆಗಳನ್ನು ಚೆನ್ನಾಗಿಯೇ ಕೊಯ್ದಿತು. ಕಾಂಡಕ್ಕೆ ಇಟ್ಟಾಗ ಯಾವ ಕಾಲದಲ್ಲಿ ಯಾರು ಹೊಡೆದಿದ್ದರೋ, ಒಳಗಿದ್ದ ಕಬ್ಬಿಣದ ಗೂಟಕ್ಕೆ ಬಡಿದು ಸರಪಳಿಯ ಹಲ್ಲು ಮುರಿದವು. ವ್ಯಾಪಾರಿ ಜೊತೆಗೆ ಕೊಟ್ಟಿದ್ದ ಹೊಸ ಸರಪಳಿ ಇತ್ತು, ಅದನ್ನು ಹಾಕಿದ್ದಾಯಿತು. ಹಾಕಿದ್ದೇ ಬಂತು, ಮರ ಕೊಯ್ಯಲಿಲ್ಲ. ಬರೀ ಹೊಗೆ. ಕತ್ತಲಾಯಿತು. ಮರುದಿನ ಬೆಳಗಿನ ಬಸ್ಸಿಗೆ, ಶೇಂಗಾ ಹೋಳಿಗೆಯ ಚೀಲ ಹಿಡಿದು, ಯಾರೂ ಕರೆಯದೆ ನನ್ನ ಅಪ್ಪ ಬಂದಿಳಿದ.

ಬಂದವನು ಕಾಲಿಗೆ ನೀರು ಹಾಕಿಕೊಳ್ಳಲಿಲ್ಲ. ನೇರ ಹಿತ್ತಲಿಗೆ ನಡೆದ. "ಸರೀರಿ ಬೀಗರ, ನಾ ನೋಡ್ತೀನಿ. ಚೈನು ನನ್ನ ಮುಂದ ಮಾತಾಡ್ತಾವ!" ಅಲ್ಲಿ ಅರ್ಧ ಊರು ನೆರೆದಿತ್ತು. ಮಾವ ಮಷಿನ್ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದರು. ಒಳಗಿದ್ದ ನಾನು ಅಪ್ಪನ ದನಿ ಕೇಳಿಯೇ ಹಿತ್ತಲ ಬಾಗಿಲಿಗೆ ಓಡಿ ಬಂದೆ.

ಅಪ್ಪ ಸರಪಳಿ ಎಳೆದು ನೋಡಿ ಸಡಿಲಾಗಿದೆ ಎಂದ. ಬಾಜುವಿನ ನಟ್ಟು ಸಡಿಲಿಸಿ, ಪಟ್ಟಿಯ ತುದಿ ಎತ್ತಿ ಹಿಡಿದು, ಸ್ಕ್ರೂ ತಿರುವಿ ಬಿಗಿ ಮಾಡಿದ. ಮಾಡುವುದನ್ನೆಲ್ಲ ಪಾಠದಂತೆ ಜನರಿಗೆ ಹೇಳುತ್ತಲೇ ಇದ್ದ. "ಬಾಳ ಬಿಗಿನೂ ಇರಬಾರದು, ಸಡಲನೂ ಇರಬಾರದು. ಕೈಲೆ ಎಳದ್ರ ಸರಳ ಸರೀಬೇಕು. ಹೊಸಾ ಸೊಸಿ ಇದ್ದಂಗ!" ಜನ ನನ್ನ ಕಡೆ ನೋಡಿದರು. ಆಮೇಲೆ ಮಷಿನ್ ಎಳೆದು ಚಾಲೂ ಮಾಡಿ, ಗೂಟ ತಪ್ಪಿಸಿ ಕಾಂಡಕ್ಕೆ ಇಟ್ಟ. ಗದ್ದಲವೋ ಗದ್ದಲ. ಹೊಗೆ ಎದ್ದಿತು. ತೆಗೆದು ನೋಡಿದರೆ ಕೊಯ್ದ ಗುರುತಿಲ್ಲ, ತೊಗಟೆಯ ಮೇಲೆ ಕಪ್ಪು ಗೆರೆ ಮಾತ್ರ.

"ಎಣ್ಣಿ ಇಲ್ಲ" ಎಂದ ಅಪ್ಪ. ಎಣ್ಣೆ ಬಂತು. ಹೊಗೆಗೆ ವಾಸನೆಯೂ ಸೇರಿತು. "ಹಲ್ಲು ಮೊಂಡ ಅದಾವ" ಎಂದ. ಅರ ತರಿಸಿ ಒಂದೆರಡು ಹಲ್ಲಿಗೆ ಉಜ್ಜಿದ. ಮತ್ತೆ ಹೊಗೆ. ಯಲ್ಲಪ್ಪ ಕೊಡಲಿಯ ಮೇಲೆ ಗದ್ದ ಊರಿ, "ಬೀಗರ, ಮರಾ ಕೊಯ್ಯಾಕತ್ತೀರೋ, ಹುಣಸಿಕಾಯಿ ಸುಡಾಕತ್ತೀರೋ?" ಎಂದ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಕಿಂಡಿಯಿಂದ ಎಮ್ಮೆ ಒಂದು ಸಲ ದೀರ್ಘವಾಗಿ ಕೂಗಿತು. ಅದೂ ನಕ್ಕಂತೆಯೇ ನನಗೆ ಕೇಳಿಸಿತು.

ನಾನು ಚಹದ ತಾಟು ಹಿಡಿದು ಅವನ ಹತ್ತಿರ ಹೋದೆ. ಯಾರಿಗೂ ಕೇಳದಂತೆ, ಆದರೆ ಹಲ್ಲು ಕಚ್ಚಿ ಹೇಳಿದೆ: "ಅಪ್ಪಾ, ಸಾಕ ಮಾಡು. ನನ್ನ ಮಾನಾ ಕಳೀಬ್ಯಾಡ."

ಅವನು ತಲೆ ಎತ್ತಿ ನನ್ನನ್ನು ನೋಡಿದ. ಚಹ ತೆಗೆದುಕೊಳ್ಳಲಿಲ್ಲ. ಆಮೇಲೆ ಮಷಿನನ್ನು ತೊಡೆಯ ಮೇಲಿಟ್ಟುಕೊಂಡು ಸರಪಳಿಯನ್ನೇ ನೋಡುತ್ತಾ ಕೂತ. ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ. ಒಮ್ಮೆ ಮಾವನ ಕಡೆ ನೋಡಿದ. ಮಾವ ಆಕಾಶದಲ್ಲಿ ಮೋಡ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದರು.

ಅಪ್ಪ ನಟ್ಟು ಪೂರ್ತಿ ಬಿಚ್ಚಿದ, ಮುಚ್ಚಳ ತೆಗೆದ, ಸರಪಳಿಯನ್ನು ಹೊರಗೆ ತೆಗೆದು ಮಗುಚಿ, ಹಲ್ಲಿನ ಚೂಪು ಮುಂದಕ್ಕೆ ಬರುವಂತೆ ಮತ್ತೆ ಹಾಕಿದ. ಬಿಗಿ ನೋಡಿದ. ಎದ್ದು ನಿಂತು ತನ್ನ ಜಿನ್ನಿನ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: "ತಪ್ಪು ನಂದ್ರೀ. ಸರಪಳಿ ಉಲ್ಟಾ ಹಾಕಿದ್ದೆ. ವಯಸ್ಸಾತು, ಕಣ್ಣು ಮಂದಾಗ್ಯಾವ."

ಜನ ಹೋ ಎಂದು ನಕ್ಕರು. ಯಲ್ಲಪ್ಪ, "ಅಣ್ಣಿಗೇರ್ಯಾಗ ಹಿಂಗ ಹಾಕ್ತಾರೇನ್ರಿ?" ಎಂದ. "ಹೌದಪಾ, ಅಲ್ಲಿ ಎಲ್ಲಾ ಉಲ್ಟಾನ" ಎಂದು ಅಪ್ಪನೂ ನಕ್ಕ. ಮಷಿನ್ ಚಾಲೂ ಆಯಿತು. ಈ ಸಲ ಹೊಗೆ ಬರಲಿಲ್ಲ. ಕಾಂಡದಿಂದ ದಪ್ಪ ಅವಲಕ್ಕಿಯಂಥ ಚೂರುಗಳು ಹಾರಿ ಅಪ್ಪನ ಧೋತರದ ಮೇಲೆ ಬಿದ್ದವು. ಮಧ್ಯಾಹ್ನದ ಊಟಕ್ಕೆ ಮೊದಲೇ ಬಾಗಿಲು ತೆರವಾಯಿತು. ಇಷ್ಟೆಲ್ಲ ಆದಮೇಲೆ ಎಮ್ಮೆ ಹೊರಗೆ ಬರಲೊಲ್ಲೆ ಎಂದು ನಿಂತಿತು. ಕಲ್ಲವ್ವ ಅದನ್ನು ಬೈದು, ಮುದ್ದಿಸಿ, ಎಳೆದು ತಂದಳು.

ನಾನು ಅಡಿಗೆಮನೆಯಲ್ಲಿ ಮುಖ ತೋರಿಸಲಾಗದೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಒಲೆಯ ಮುಂದೆ ಕೂತು, ಎಷ್ಟೋ ಹೊತ್ತು ತಡೆದ ನಗೆಯನ್ನು ಬಿಟ್ಟವರಂತೆ ನಕ್ಕರು.

"ನಿಮ್ಮಪ್ಪ ಬಾಳ ಚಲೋ ಮನಷ್ಯಾ ಬಿಡವಾ."

"ಯಾಕ್ರಿ ಅತ್ತಿ?"

"ನಿನ್ನೆ ನೀ ಎಮ್ಮಿಗೆ ನೀರ ಒಯ್ದಿದ್ದಿ. ಆವಾಗ ಕಟ್ಟಿ ಮ್ಯಾಲ ಕುಂತು ಆ ಸರಪಳಿ ಹಾಕಿದವ್ರು ಯಾರು? ನಿಮ್ಮ ಮಾವ. ಇವತ್ತ ನಿಮ್ಮಪ್ಪ ಬರೇ ಸ್ಕ್ರೂ ತಿರಿವ್ಯಾನ. ಸರಪಳಿ ಬಿಚ್ಚಿದ್ದು ಕಡೀಕ ಅಷ್ಟ."

ನನ್ನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. ಬೆಳಗಿನಿಂದ ಆದದ್ದನ್ನೆಲ್ಲ ಮನಸ್ಸಿನಲ್ಲಿ ಮತ್ತೊಮ್ಮೆ ನೋಡಿದೆ. ಹೌದು. ಹಲ್ಲು ಹಿಂದುಮುಂದಾಗಿದ್ದದ್ದು ಅಪ್ಪ ಬಸ್ಸು ಹತ್ತುವ ಮೊದಲೇ. ಅಷ್ಟು ಜನರ ನಡುವೆ ಅವನಿಗೆ ಅದು ತಿಳಿಯಿತು. ತಿಳಿದಾಗ, ಮಗಳನ್ನು ಕೊಟ್ಟ ಮನೆಯ ಹಿರಿಯನ ಪಟಗ ಕೆಳಗೆ ಬೀಳದಂತೆ ತನ್ನ ತಲೆಯನ್ನೇ ಒಡ್ಡಿದ. ಅದಕ್ಕೆ ಸ್ವಲ್ಪ ಮೊದಲು ಮಗಳು ಬಂದು ಹೇಳಿದ್ದು, ನನ್ನ ಮಾನ ಕಳೆಯಬೇಡ ಎಂದು. ಮುಂಜಾನೆಯಿಂದ ಅವನ ಸಲುವಾಗಿ ನಾಚಿದ್ದೆಲ್ಲ ಬಡ್ಡಿಸಮೇತ ನನ್ನ ಕಡೆ ತಿರುಗಿತು. ನಿಂತ ನೆಲ ಬಿರಿಯಬೇಕಾದದ್ದು ಈಗ. ಅದು ಬಿರಿಯಲಿಲ್ಲ, ರೊಟ್ಟಿ ಮಾತ್ರ ಹೊತ್ತಿತು.

ಸಂಜೆ ಅಪ್ಪ ಹೊರಟಾಗ ಮಾವ ಎದ್ದು ಅವನ ಚೀಲ ತಾವೇ ಎತ್ತಿಕೊಂಡರು. ಅಂಥದ್ದನ್ನು ಊರು ನೋಡಿರಲಿಲ್ಲ. ದಾರಿಯಲ್ಲಿ ಕೂತಿದ್ದ ಯಲ್ಲಪ್ಪ ನೋಡಿದ, ಬೀಗರ ಜೋಕು ಮತ್ತೊಮ್ಮೆ ಹೇಳಲು ತೆರೆದ ಬಾಯಿ ಮುಚ್ಚಿಕೊಂಡ. ಬಸ್ಸಿಗೆ ಕಾಯುವ ಜಾಗದಲ್ಲಿ ಚೀಲ ಇಳಿಸಿ, "ಬರ್ತಾ ಇರ್ರಿ" ಎಂದಷ್ಟೇ ಹೇಳಿ ಮಾವ ದೂರ ಹೋಗಿ ನಿಂತರು.

ಕಳಿಸಲು ಜೊತೆಗೆ ಬಂದಿದ್ದ ನಾನು ಕೇಳಿದೆ. "ಅಪ್ಪಾ, ನೀ ಹಾಕಿರಲಿಲ್ಲಲ್ಲ. ಸುಳ್ಳ ಯಾಕ ಹೇಳಿದಿ?"

ಅವನು ನನ್ನ ಮುಖ ನೋಡದೆ ಧೋತರದ ಮೇಲಿನ ಹೊಟ್ಟು ಕೊಡವಿದ. "ಪೂರಾ ಸುಳ್ಳಲ್ಲವಾ. ಮೊದಲ ಹಲ್ಲು ನೋಡಬೇಕಿತ್ತು. ಮಂದಿ ನೋಡಾಕತ್ತಾರಂತ ನಾನೂ ಮಂದೀನ ನೋಡ್ಕೋಂತ ಸ್ಕ್ರೂ ತಿರಿವಿದೆ. ನಂಗೂ ಬಾಳ ನಾಚಿಕಿ ಆತು ಬಿಡು."

ಅಪ್ಪನಿಗೂ ನಾಚಿಕೆ ಆಗುತ್ತದೆಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆ ಹೇಳಿದ್ದನ್ನು ಹಿಂತೆಗೆದುಕೊಳ್ಳಲು ಮಾತು ಹುಡುಕುತ್ತಿದ್ದೆ, ಅಷ್ಟರಲ್ಲಿ ಬಸ್ಸು ಬಂತು. ಅಪ್ಪ ಹತ್ತಿದ. ಹತ್ತಿದವನು ಕೂರಬೇಕೋ ಬೇಡವೋ? ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಡ್ರೈವರನಿಗೆ ಕೂಗಿ ಹೇಳತೊಡಗಿದ: "ನಿಮ್ಮ ಗಾಡಿ ಫ್ಯಾನ್ ಬೆಲ್ಟ್ ಸಡಲ ಅದರೀ! ಕೀಂಯ್ ಅನ್ನೂದು ಕೇಳಸವಲ್ದೇನು?" ಬಸ್ಸಿನ ಒಳಗಿನವರು, ಹೊರಗಿನವರು, ಎಲ್ಲರೂ ತಿರುಗಿ ನೋಡಿದರು.

ನನ್ನ ಪಕ್ಕ ಬುಟ್ಟಿ ಹೊತ್ತು ನಿಂತಿದ್ದ ಹೆಂಗಸು ಮೂಗಿನ ಮೇಲೆ ಬೆರಳಿಟ್ಟಳು. "ಯಾರವಾ ಈ ಬಾಯಿಬಡಕ?"

"ನಮ್ಮಪ್ಪರಿ" ಎಂದೆ.

ಬಸ್ಸಿನ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. "ಆಂ?" ಎಂದಳು. ನಾನು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದೆ.