ಮಂಜಣ್ಣ ನನಗೆಂದು ಬಿಟ್ಟ ಒಂದು ಫೋಟೋ

ಇಲ್ಲ... ಯಾರೋ ತಪ್ಪು ಹೇಳಿರಬೇಕು...
ನಿನ್ನೆ ಸಂಜೆ ನನ್ನನ್ನು ಸುಂಟಿಕೊಪ್ಪದಲ್ಲಿ ಬೈಕಿನಿಂದ ಇಳಿಸಿ, "ನಾಳೆ ಬೇಗ ಬಾ ಮಾರಾಯ" ಅಂದು ಹೋದ ಮನುಷ್ಯ!
ಅವರೂರು ಶಿರಂಗಾಲದಿಂದ ಅವರ ತಮ್ಮ ಫೋನಿನಲ್ಲಿ ಅಳುತ್ತಿದ್ದರೂ, "ಯಾವ ಮಂಜಣ್ಣ?" ಎಂದೇ ಕೇಳಿದೆ.

ಹಾರ್ಟ್ ಅಟ್ಯಾಕ್ ಅಂತೆ.
ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವರು ಜಗಲಿಯಲ್ಲೇ ಕುಸಿದರಂತೆ...

ಗೊತ್ತಿಲ್ಲದವರಿಗೆ: ಮಂಜಣ್ಣ ನಮ್ಮ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು. ನಾನು ಅವರ ಲ್ಯಾಬ್ ಅಸಿಸ್ಟೆಂಟ್.
ಹರಳು ಬೆಳೆಸುವುದು, ಮೈಕ್ರೋಸ್ಕೋಪಿನಲ್ಲಿ ಅದರ ಫೋಟೋ ತೆಗೆಯುವುದು, ಫೋಟೋ ಮೇಲೆ ಚೌಕಗಳನ್ನು ಹಾಕಿ ಹರಳು ಎಷ್ಟು ಚೌಕ ಮುಟ್ಟಿದೆ ಎಂದು ಎಣಿಸುವುದು... ಚೌಕ ಚಿಕ್ಕದು ಮಾಡಿ ಮತ್ತೆ ಎಣಿಸುವುದು...
ಅದೇ ಅವರ ಹುಚ್ಚು.
"ಜರಿಗಿಡ ನೋಡಿದೀಯಲ್ಲ? ದೊಡ್ಡ ಎಲೆ ಒಳಗೆ ಅದೇ ಥರ ಸಣ್ಣೆಲೆ. ಹರಳೂ ಹಂಗೇ ಕವಲೊಡಿಯುತ್ತೆ. ಎಷ್ಟು ಒತ್ತಾಗಿ ಅಂತ ಒಂದೇ ನಂಬರಲ್ಲಿ ಹೇಳ್ಬೋದು. ಫ್ರಾಕ್ಟಲ್ ಅಂದ್ರೆ ಇಷ್ಟೇ ಕಣೋ!"

ಮಂಜಣ್ಣ...
ನಿಮ್ಮ ಹತ್ತಿರ ಒಂದು ಮಾತು ಬಾಕಿ ಇತ್ತು.
ಫೋಟೋ ಕೆಳಗೆ ಅಳತೆ ತೋರಿಸುವ ಬಿಳಿ ಗೆರೆ ಇರುತ್ತದಲ್ಲ, ಅದನ್ನು ಕ್ರಾಪ್ ಮಾಡುವುದು ನನ್ನ ಕೆಲಸ. ಅವಸರದಲ್ಲಿ ಮಾಡಲಿಲ್ಲ. ಕಂಪ್ಯೂಟರ್ ಗೆರೆಯನ್ನೂ ಹರಳೆಂದೇ ಎಣಿಸಿತು. ಎಲ್ಲ ನಂಬರೂ ಕೆಟ್ಟು ಕೂತವು.
ಜರ್ನಲ್ಲಿಗೆ ಕಳಿಸಿದ್ದ ಪೇಪರನ್ನು ನೀವೇ ವಾಪಸ್ ತರಿಸಿಕೊಂಡಿರಿ. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ "ತಪ್ಪು ನಂದೇ" ಅಂದಿರಿ.
ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.
ಇವತ್ತು ಹೇಳಬೇಕು ಅಂದುಕೊಂಡಿದ್ದೆ... ದೇವರಾಣೆ, ಇವತ್ತೇ...

ಸುದ್ದಿ ಕೇಳಿ ಏನು ಮಾಡಬೇಕೋ ತೋಚದೆ ಲ್ಯಾಬಿಗೇ ಬಂದುಬಿಟ್ಟೆ.
ಕಂಪ್ಯೂಟರ್ ತೆರೆದರೆ ಅಷ್ಟೂ ಫೋಟೋಗಳನ್ನು ನೀವೇ ಹೊಸದಾಗಿ ಕ್ರಾಪ್ ಮಾಡಿಟ್ಟಿದ್ದೀರಿ.
ಒಂದು ಮಾತ್ರ ಬಿಟ್ಟಿದ್ದೀರಿ.
ಕೀಬೋರ್ಡ್ ಮೇಲೆ ನಿಮ್ಮ ಚೀಟಿ...
"ಗಿರೀಶ, ಇದೊಂದು ನೀನೇ ಮಾಡು. ಈ ಸಲ ಗೆರೆ ಮರೀಬೇಡ."

ಈ ಸಲ...

ಅಂದರೆ ನಿಮಗೆ ಗೊತ್ತಿತ್ತು.
ಎಲ್ಲ ಗೊತ್ತಿದ್ದೂ ದಿನಾ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಿರಿ.

ಗೆರೆ ತೆಗೆದಿದ್ದೇನೆ ಮಂಜಣ್ಣ. ಎರಡೆರಡು ಸಲ ನೋಡಿದೆ.
ಶಿರಂಗಾಲಕ್ಕೆ ಹೊರಟಿದ್ದೇನೆ.
ಸ್ಟಾಫ್ ರೂಮಿನವರೆಲ್ಲ ಇದನ್ನು ಓದುತ್ತೀರಿ ಅಂತ ಗೊತ್ತು. ಓದಿ. ಆ ತಪ್ಪು ನನ್ನದು, ಅವರದಲ್ಲ.

ಹೋಗಿ ಬನ್ನಿ ಅಣ್ಣ...
ನಿಮ್ಮ ಜೀವ ತಣ್ಣಗಿರಲಿ. 🙏