ಮೊದಲ ಪುಟದ ಕಟ್ಟಳೆ

ಒಂದು ಮಾತಿಗೆ ನಿಲ್ಲುವ ಗುಣ ನನಗೆ ಹುಟ್ಟಿನಿಂದಲೇ ಬಂದಿಲ್ಲ. 1960ರ ದಶಕದಲ್ಲಿ ಸಾಗರದ ಪೇಟೆಯಲ್ಲಿ ನಾನೊಂದು ಪುಟ್ಟ ಛಾಪಖಾನೆ ನಡೆಸುತ್ತಿದ್ದೆ. ಅದರ ಬೋರ್ಡಿನ ಮೇಲೆ ‘ಪ್ರೆಸ್’ ಎಂದಿತ್ತು, ರಸೀದಿ ಪುಸ್ತಕದಲ್ಲಿ ‘ಮುದ್ರಣಾಲಯ’ ಎಂದಿತ್ತು, ಗಿರಾಕಿಗಳಿಗೆ ಹಂಚುವ ಕ್ಯಾಲೆಂಡರಿನಲ್ಲಿ ‘ಅಚ್ಚುಕೂಟ’ ಎಂದಿತ್ತು. ಒಮ್ಮೆ ಅಂಚೆಯವನು ಮೂರು ಹೆಸರಿಗೆ ಬಂದ ಮೂರು ಕಾಗದ ಹಿಡಿದು ನಿಂತು, ಉಳಿದಿಬ್ಬರು ಮಾಲೀಕರು ಎಲ್ಲಿ ಕೂರುತ್ತಾರೆ ಎಂದು ಕೇಳಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಳಗೆ ಪ್ರೂಫು ತಿದ್ದುತ್ತಿದ್ದ ಶೇಷಗಿರಿ ಮಾಸ್ತರರು ನಗಲಿಲ್ಲ.

ಮಾಸ್ತರರು ತೀರ್ಥಹಳ್ಳಿಯವರು. ಶಾಲೆಯಿಂದ ನಿವೃತ್ತರಾಗಿ ಸಾಗರದ ಮಗಳ ಮನೆಗೆ ಬಂದು, ಹೊತ್ತು ಹೋಗದೆ ನನ್ನಲ್ಲಿ ಕೆಲಸಕ್ಕೆ ಸೇರಿದವರು. ಬಂದ ದಿನವೇ ಕಂದು ಕಾಗದದ ಹೊದಿಕೆ ಹಾಕಿದ ನೋಟುಬುಕ್ಕೊಂದನ್ನು ಮೇಜಿನ ಮೇಲಿಟ್ಟರು. ಅದರ ಮೇಲೆ ‘ಕಟ್ಟಳೆ’ ಎಂದು ಬರೆದಿತ್ತು. ಅಚ್ಚಿಗೆ ಹೋಗುವ ಬರಹದಲ್ಲಿ ಯಾವುದನ್ನು ಹೇಗಿಡಬೇಕು ಎಂಬುದೆಲ್ಲ ಅದರೊಳಗೆ. ಹತ್ತರವರೆಗಿನ ಸಂಖ್ಯೆ ಅಕ್ಷರದಲ್ಲಿ, ಆಮೇಲಿನದು ಅಂಕಿಯಲ್ಲಿ. ಶ್ಲೋಕ ಬಂದರೆ ಅಂಚಿನಿಂದ ಎರಡು ಬೆರಳು ಒಳಗೆ. ಊರಿನ ಹೆಸರು ಬಸ್ಸಿನ ಬೋರ್ಡಿನಲ್ಲಿದ್ದ ಹಾಗೆ. ಹೊಸ ಸಂಶಯವೊಂದು ಹುಟ್ಟಿದರೆ ಅರ್ಧ ದಿನ ಯೋಚಿಸಿ, ತೀರ್ಮಾನಿಸಿ, ಬರೆದಿಡುತ್ತಿದ್ದರು. ಬರೆದ ಮೇಲೆ ಮುಗಿಯಿತು. ಅದನ್ನು ಮೀರುವ ಅಧಿಕಾರ ಬರೆದವರಿಗೂ ಇರಲಿಲ್ಲ.

ನಮ್ಮಲ್ಲಿ ಅಚ್ಚಾಗುತ್ತಿದ್ದುದು ಹೆಚ್ಚಾಗಿ ಮದುವೆ ಪತ್ರಿಕೆ. ಗಂಡಿನ ಸೋದರಮಾವನಿಗೆ ಮೂರು ಬಿರುದು ಹಾಕಿ ಹೆಣ್ಣಿನ ಸೋದರಮಾವನಿಗೆ ಎರಡೇ ಹಾಕಿದರೆ, ಊಟದ ಪಂಕ್ತಿಯಲ್ಲಿ ಹೋಳಿಗೆ ಮುಟ್ಟದೆ ಏಳುವವರಿದ್ದರು. ಮಾಸ್ತರರು ಇಂಥ ಪತ್ರಿಕೆಗಳನ್ನೂ ಬಿಡದೆ, ಎರಡೂ ಕಡೆಯ ಬಿರುದುಗಳನ್ನು ಬೆರಳು ಮಡಚಿ ಎಣಿಸಿ ಸಮ ಮಾಡುತ್ತಿದ್ದರು. ಇಷ್ಟೆಲ್ಲ ಯಾರು ನೋಡುತ್ತಾರೆ ಎಂದು ನಾನು ಹಿಂದಿನಿಂದ ಗೇಲಿ ಮಾಡುತ್ತಿದ್ದೆ. ಆದರೆ ಒಂದು ಭಾನುವಾರ ಕೆಳದಿಯ ದೇವಸ್ಥಾನದಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲಿನ ಮುಚ್ಚಿಗೆ ನೋಡುತ್ತ ನಿಂತಾಗ, ಕಣ್ಣಿಗೆ ಬೀಳದ ಮೂಲೆಯನ್ನೂ ಬಾಗಿಲಿನ ಬಳಿಯಷ್ಟೇ ಶ್ರದ್ಧೆಯಿಂದ ಕೆತ್ತಿದ್ದನ್ನು ಕಂಡೆ. ಉಳಿ ಹಿಡಿದವನಿಗೂ ಯಾರಾದರೂ ‘ಅಲ್ಲಿ ಯಾರು ನೋಡುತ್ತಾರೆ’ ಎಂದಿರಬೇಕು. ಅಂದಿನಿಂದ ನನ್ನ ಗೇಲಿ ಸ್ವಲ್ಪ ಮೆತ್ತಗಾಯಿತು.

ಹೀಗಿರುವಾಗ ನಮಗೆ ಮೊದಲ ಪುಸ್ತಕ ಸಿಕ್ಕಿತು. ಹೊಸನಗರದಿಂದಾಚೆ, ಹುಲಿಕಲ್ ದಾರಿಯ ಒಂದು ಹಳ್ಳಿಯ ಜಮೀನ್ದಾರರಾದ ವೆಂಕಪ್ಪಯ್ಯನವರು, ತಮ್ಮೂರಿನವರೇ ಸೇರಿ ಹೊಳೆಗೆ ಕಲ್ಲಿನ ಸೇತುವೆ ಕಟ್ಟಿದ ಕತೆಯನ್ನು ಬರೆದು ತಂದಿದ್ದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮದುವೆ ಪತ್ರಿಕೆ ಮದುವೆಯ ಮರುದಿನ ರದ್ದಿ, ಪುಸ್ತಕವೆಂದರೆ ಹಾಗಲ್ಲವಲ್ಲ.

ಆಗಿನ ಅಚ್ಚಿನ ಕೆಲಸದ ಒಂದು ಗುಟ್ಟು ಹೇಳಬೇಕು. ನಮ್ಮಲ್ಲಿದ್ದ ಸೀಸದ ಅಕ್ಷರದ ಮೊಳೆಗಳು ಎಂಟು ಪುಟಕ್ಕಷ್ಟೇ ಸಾಲುತ್ತಿದ್ದವು. ಎಂಟು ಪುಟ ಜೋಡಿಸಿ, ಅಚ್ಚು ಹಾಕಿ, ಮೊಳೆಗಳನ್ನು ಮತ್ತೆ ಬಿಡಿಸಿ, ಅವುಗಳಿಂದಲೇ ಮುಂದಿನ ಎಂಟು ಪುಟ. ಹಾಗಾಗಿ ಮೊದಲ ಪುಟದಲ್ಲಿ ಏನು ಮಾಡಿದಿರೋ ಅದು ಆಗಿಹೋಯಿತು, ಹಿಂದೆ ಹೋಗಿ ತಿದ್ದುವ ಹಾಗಿಲ್ಲ. ‘ಸಂಶಯ ಬಂದರೆ ಮೊದಲ ಪುಟ ನೋಡು’ ಎನ್ನುವುದು ಮಾಸ್ತರರ ನೋಟುಬುಕ್ಕಿನ ಕೊನೆಯ ಕಟ್ಟಳೆ.

ಮೊದಲ ಪುಟದಲ್ಲಿ ಸೇತುವೆಗೆ ಜಾಗ ಕೊಟ್ಟವರು, ಮರ ಕೊಟ್ಟವರು ಬಂದರು. ಪ್ರತಿ ಹೆಸರಿನ ಮುಂದೆಯೂ ವೆಂಕಪ್ಪಯ್ಯನವರು ‘ಶ್ರೀ’ ಬರೆದಿದ್ದರು. ಮಾಸ್ತರರು ‘ಹೆಸರಿನ ಮುಂದೆ ಶ್ರೀ, ಎಲ್ಲೆಡೆ’ ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಹೀಗೆ 24 ಪುಟ ಅಚ್ಚಾಯಿತು. ಆಮೇಲೆ ಬಂದದ್ದು ಕಲ್ಲು ಹೊತ್ತವರ ಪುಟ. ಒಟ್ಟು 27 ಮಂದಿ. ತಿಮ್ಮ, ಹುಚ್ಚ, ಬೀರ ಎಂದು ಒಬ್ಬರನ್ನೂ ಬಿಡದೆ ಬರೆದದ್ದು ವೆಂಕಪ್ಪಯ್ಯನವರ ದೊಡ್ಡತನ. ಆದರೆ ಅವರ ಹೆಸರಿನ ಮುಂದೆ ಏನೂ ಇರಲಿಲ್ಲ. ಅದೇನೂ ಬೇಕೆಂದು ಮಾಡಿದ್ದಲ್ಲ. ಅಂಗಿ ಹಾಕದೆ ಗದ್ದೆಗಿಳಿದಷ್ಟೇ ಸಹಜವಾಗಿ ಬಂದದ್ದು. ಮಾಸ್ತರರು ನೋಟುಬುಕ್ಕು ತೆರೆದು ನೋಡಿ, ಕೆಂಪು ಪೆನ್ಸಿಲಿನಿಂದ 27 ಕಡೆಯೂ ‘ಶ್ರೀ’ ಸೇರಿಸಿದರು.

“ಕೇಸಲ್ಲಿ ಅಷ್ಟು ಶ್ರೀ ಇಲ್ಲ ಮಾಸ್ತರ್ರೇ, ಹನ್ನೆರಡೇ ಇರೋದು” ಎಂದ ಮೊಳೆ ಜೋಡಿಸುವವನು, ಅಕ್ಷರದ ಖಾನೆಗಳ ಪೆಟ್ಟಿಗೆ ತಡವುತ್ತಾ.

“ಮದುವೆ ಪತ್ರಿಕೆ ಜೋಡ್ಸಿ ಇಟ್ಟಿದ್ಯಲ್ಲ, ಅದ್ರಿಂದ ತೆಗಿ.”

ಎರಡು ಮದುವೆಗಳ ಸೋದರಮಾವಂದಿರಿಂದ ಕಿತ್ತ ಶ್ರೀಗಳು ಕಲ್ಲು ಹೊತ್ತವರ ಹೆಸರಿನ ಮುಂದೆ ಬಂದು ನಿಂತವು. ವೆಂಕಪ್ಪಯ್ಯನವರು ಇದನ್ನು ಒಪ್ಪುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಅಂದುಕೊಂಡ ಹಾಗೆಯೇ ಆಯಿತು. ಪ್ರೂಫು ನೋಡಲು ಬಂದ ವೆಂಕಪ್ಪಯ್ಯನವರ ಮುಖ ಕೆಂಪೇರಿತು.

“ಎಂತ ಮಾಸ್ತರ್ರೇ ಇದು? ಶ್ರೀ ಬೀರ ಅಂತೆ! ನಮ್ ಗದ್ದೆ ಮಾಡೋನು ಮಾರಾಯ್ರೇ ಅವ. ಊರವರು ನಗಾಡ್ತಾರೆ. ಇದನ್ನ ತೆಗೀರಿ, ಇಲ್ಲಾಂದ್ರೆ ಹಸ್ತಪ್ರತಿ ಕೊಡಿ, ಶಿವಮೊಗ್ಗದಲ್ಲಿ ಮಾಡಿಸ್ಕೊಳ್ತೀನಿ.”

ನಾನು ಮಾಸ್ತರರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಅಂಗಲಾಚಿದೆ. “ಒಂದೇ ಒಂದು ಪುಟ ಮಾಸ್ತರ್ರೇ. ನಮ್ಮ ಮೊದಲನೇ ಪುಸ್ತಕ ಕೈಬಿಟ್ಟು ಹೋಗ್ತದೆ.”

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. “ಬೇಕಾದಾಗ ಹಾಕಿ ಬೇಡಾದಾಗ ತೆಗೆದ್ರೆ ಅದು ಕಟ್ಟಳೆ ಅಲ್ಲ, ದಾಕ್ಷಿಣ್ಯ. ಎಲ್ಲರದೂ ತೆಗೆಯೋಣ ಅಂದ್ರೆ ಇಪ್ಪತ್ನಾಲ್ಕು ಪುಟ ಅಚ್ಚಾಗಿದೆ. ಈ ಪುಟದ್ದು ಮಾತ್ರ ತೆಗೀಬೇಕು ಅಂದ್ರೆ ನೋಟುಬುಕ್ಕೂ ನಾನೂ ಒಟ್ಟಿಗೇ ಮನೆಗೆ ಹೋಗ್ತೇವೆ.”

ದಾಕ್ಷಿಣ್ಯದ ಮೇಲೆಯೇ ಬದುಕು ಕಟ್ಟಿಕೊಂಡ ನನಗೆ ಆ ಮಾತು ಚುರುಕ್ಕೆಂದಿತು. ಪುಸ್ತಕವೋ ಮಾಸ್ತರರೋ ಎಂದು ನಾನು ಒಳಗೊಳಗೇ ತೂಗುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ತಕ್ಕಡಿ ಯಾವ ಕಡೆಗೆ ವಾಲುತ್ತಿತ್ತು ಎಂದು ಮಾತ್ರ ಕೇಳಬೇಡಿ.

ಒಳಗೆ ಬಂದ ಮಾಸ್ತರರು ಜಗಳ ತೆಗೆಯಲಿಲ್ಲ. ನಮ್ಮಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ಪ್ರೂಫನ್ನು ಬರೆದವರೇ ಗಟ್ಟಿಯಾಗಿ ಓದಬೇಕು, ಮಾಸ್ತರರು ಹಸ್ತಪ್ರತಿ ಹಿಡಿದು ಕೇಳಿಸಿಕೊಳ್ಳುತ್ತಾರೆ. “ಓದಿ ಅಯ್ಯನವರೇ, ಆಮೇಲೆ ಮಾತಾಡುವಾ” ಎಂದರು.

ವೆಂಕಪ್ಪಯ್ಯನವರು ಸಿಟ್ಟಿನಲ್ಲೇ ಶುರುಮಾಡಿದರು. ಮೊದಲ ಹೆಸರಿಗೆ ನಾಲಗೆ ತೊಡರಿತು, ಎರಡನೆಯದಕ್ಕೆ ಕೆಮ್ಮು ಬಂತು. ನಾಲ್ಕೈದು ಹೆಸರಾಗುವ ಹೊತ್ತಿಗೆ ಶ್ರೀ ತಾನಾಗಿಯೇ ಬರತೊಡಗಿತು. “ಶ್ರೀ ಬೀರ, ನಡುಗಂಬದ ಕಲ್ಲು ಜಾರಿದಾಗ ಎದೆಮಟ್ಟದ ನೀರಲ್ಲಿ ನಿಂತು ಹೆಗಲು ಕೊಟ್ಟವನು” ಎಂದು ಓದಿದವರು ಅಲ್ಲಿಗೆ ನಿಲ್ಲಿಸಿಬಿಟ್ಟರು. ಬರೆಯುವಾಗ ಅವರಿಗದು ಬರೀ ಒಂದು ಸಾಲಾಗಿತ್ತೇನೋ. ಈಗ ಹೊಳೆ, ಕಲ್ಲು, ಹೆಗಲು ಎಲ್ಲ ಕಣ್ಣೆದುರು ಬಂದಿರಬೇಕು. ಉಳಿದ ಹೆಸರುಗಳನ್ನು ನಿಧಾನವಾಗಿ ಓದಿ ಮುಗಿಸಿ, ಪ್ರೂಫು ಮಡಚಿ ಮೇಜಿನ ಮೇಲಿಟ್ಟರು.

“ಇರ್ಲಿ ಬಿಡಿ ಮಾಸ್ತರ್ರೇ. ಬಾಯಲ್ಲಿ ಒಂದ್ಸಲ ಅಂದಾಯ್ತಲ್ಲ. ಈಗ ತೆಗೆಯೋದು ಚಂದ ಕಾಣೋದಿಲ್ಲ.”

ನನಗೆ ಅಳುವೇ ಬಂತು. ಪುಸ್ತಕ ಉಳಿಯಿತೆಂಬ ಸಂತೋಷಕ್ಕಿಂತ, ಇಂಥ ಇಬ್ಬರು ಮನುಷ್ಯರು ನನ್ನ ಮುರುಕು ಬೆಂಚಿನ ಮೇಲೆ ಕೂತಿದ್ದಾರಲ್ಲ ಎಂಬ ಹೆಮ್ಮೆಗೆ. ಮುನ್ನುಡಿ ಅಚ್ಚಾಗುವುದು ಕೊನೆಗೆ. ಅದರಲ್ಲಿ ವೆಂಕಪ್ಪಯ್ಯನವರು ಮಾಸ್ತರರನ್ನು ‘ಪಂಡಿತವರೇಣ್ಯ, ಪೂಜ್ಯ’ ಎಂದೆಲ್ಲ ಕರೆದಿದ್ದರು. ಮಾಸ್ತರರು ನೋಟುಬುಕ್ಕು ನೋಡಿ, ಎಲ್ಲವನ್ನೂ ಹೊಡೆದು ಹಾಕಿ, ‘ಶ್ರೀ ಶೇಷಗಿರಿ’ ಎಂದಷ್ಟೇ ಉಳಿಸಿದರು.

ಪುಸ್ತಕ ಹೊರಬಿದ್ದು ಕೆಲವು ದಿನಗಳಾದ ಮೇಲೆ ಬೀರ ಪೇಟೆಗೆ ಬಂದವನು ನಮ್ಮ ಬಾಗಿಲಲ್ಲಿ ನಿಂತ. ಅವನಿಗೆ ಓದು ಬಾರದು. ತನ್ನ ಹೆಸರು ಎಲ್ಲಿದೆ ಎಂದು ನೋಡಬೇಕಿತ್ತಂತೆ. ನಾನು ‘ಬಾರೋ’ ಎಂದು ಕರೆದೆ. ಮಾಸ್ತರರು ಪುಟ ತೆರೆದು ಬೆರಳಿಟ್ಟು ತೋರಿಸಿದರು. ಬೀರ ಬಗ್ಗಿ ನೋಡಿದ.

“ಈ ಮುಂದಿಂದು ಎಂಥದು ಅಯ್ಯಾ? ನನ್ ಹೆಸರು ಇಷ್ಟುದ್ದ ಇಲ್ಲ.”

ಅದಕ್ಕಾಗಿ ನಡೆದ ಹೋರಾಟವನ್ನೆಲ್ಲ ಮಾಸ್ತರರು ಈಗ ಹೇಳುತ್ತಾರೆ ಎಂದು ನಾನು ಕಾದೆ.

“ಅದು ಎಲ್ಲರಿಗೂ ಇರೋದೇ ಬೀರಪ್ಪ” ಎಂದಷ್ಟೇ ಹೇಳಿ ಅವರು ಪುಸ್ತಕ ಮುಚ್ಚಿ ಅವನ ಕೈಗೆ ಕೊಟ್ಟರು.

ಬೀರ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟ. ಬಾಗಿಲವರೆಗೆ ಹೋದ ನನ್ನ ಬಾಯಿಂದ, ಯಾಕೋ ಏನೋ, “ಹೋಗಿ ಬನ್ನಿ” ಎಂದು ಬಂತು. ಹೊರಟಿದ್ದವರು ತಿರುಗಿ, ನಾನು ಇನ್ಯಾರಿಗೆ ಹೇಳಿದೆನೋ ಎಂದು ತಮ್ಮ ಹಿಂದೆ ನೋಡಿಕೊಂಡರು. ಅಲ್ಲಿ ಯಾರೂ ಇರಲಿಲ್ಲ.

ನನ್ನ ಅಂಗಡಿಯ ಬೋರ್ಡು, ರಸೀದಿ, ಕ್ಯಾಲೆಂಡರು ಕೊನೆಯವರೆಗೂ ಒಂದಾಗಲಿಲ್ಲ. ಆದರೆ ಬೀರಪ್ಪನವರ ವಿಷಯದಲ್ಲಿ ಮಾತ್ರ ಮೊದಲ ಪುಟ ಅಚ್ಚಾಗಿಹೋಗಿತ್ತು. ಆಮೇಲೆ ಅವರು ಎಷ್ಟು ಸಲ ಬಂದರೂ ನಾನು ಹಿಂದೆ ಹೋಗಿ ತಿದ್ದುವ ಹಾಗಿರಲಿಲ್ಲ.